ಹಲಗೆಗಳು ಓಡುವ ಊರು

ಬಂಗಾರಪೇಟೆ
೧೬ ಜೂನ್ ೨೦೨೪

ಮಗಳು ಸಹನಳಿಗೆ,

ಕೇಳು! ನಾಟಕದ ತಾಲೀಮಿನ ಮನೆಯಲ್ಲಿ, ಹಾರ್ಮೋನಿಯಂ ಮೇಷ್ಟ್ರ ಎದುರಿಗೆ, ಬಣ್ಣ ಹಚ್ಚದೆಯೂ ರಾಜನಂತೆ ನಿಂತು ನಾನು ಮಾಡಿದ ಶಪಥ ಇನ್ನೂ ಹಾಗೆಯೇ ಇದೆ. ಬಿಟ್ಟುಬಂದ ಸ್ಕೂಲಿಗೆ, ಆ ಆಟದ ಟೀಚರ್ ಕೆಲಸಕ್ಕೆ ನೀನು ವಾಪಸ್ಸು ಹೋಗುವ ತನಕ ನಿನ್ನೊಡನೆ ಒಂದೇ ಒಂದು ಮಾತೂ ಆಡುವುದಿಲ್ಲ. ಎದುರಿಗೆ ಬಂದರೂ ಇಲ್ಲ, ಫೋನಿನಲ್ಲೂ ಇಲ್ಲ. ಆದರೆ ಬರೆಯುವುದಿಲ್ಲ ಎಂದು ನಾನು ಆವತ್ತು ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಪಿಳ್ಳಮ್ಮ ಇದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ರೈಲತ್ತಿ ಕೆಜಿಎಫ್ ಊರಿಗಾಂ ಸ್ಟೇಷನ್ನಾಗೆ ಇಳಿದ್ರೆ ಮಗಳು ಸಿಕ್ತಾಳೆ. ಇವ್ರು ಕೂತ್ಕಂಡು ಸ್ಟಾಂಪ್ ಅಂಟುಸ್ತಾವ್ರೆ. ನೋಡ್ರಮ್ಮ ಮಹಾರಾಜರ ದರ್ಬಾರು!" ಅಂದಳು. ಅನ್ನಲಿ.

ಈಗ ವಿಷಯ. ನೀನು ಏಜೆನ್ಸಿ ಹಿಡಿದಿರುವ ಜಿಂಕೆ ಸ್ಕೇಟ್‌ಬೋರ್ಡ್ ಕಂಪನಿಯವರ ಮಾರಾಟದ ಚಾರ್ಟನ್ನು ನಿನ್ನ ಅಕ್ಕನ ಫೋನಿಗೆ ಕಳಿಸಿದ್ದೀಯ. ನಾನೂ ನೋಡಿದೆ. ಹೋದ ವರ್ಷ ಕರ್ನಾಟಕವೊಂದರಲ್ಲೇ ನಲವತ್ತು ಸಾವಿರ ಬೋರ್ಡ್ ಮಾರಾಟ! ಮುಂದಿನ ವರ್ಷ ಅದರ ಎರಡರಷ್ಟು! ಅಬ್ಬಾ! ಓದಿದ ಕೂಡಲೇ ಎದ್ದು ನಿಂತುಬಿಟ್ಟೆ. ಆಮೇಲೆ ಕೂತು ಯೋಚಿಸಿದೆ. ನಲವತ್ತು ಸಾವಿರ ಹಲಗೆ, ಒಂದೊಂದಕ್ಕೆ ನಾಲ್ಕು ಗಾಲಿ. ಇವೆಲ್ಲ ಎಲ್ಲಿ ಓಡುತ್ತಿವೆ? ಮಾರನೇ ದಿನ ಕೋಲಾರಕ್ಕೆ ಹೋಗುವ ಕೆಲಸವಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ಎಡಗಡೆ ನೋಡಿದೆ, ಬರುವಾಗ ರಸ್ತೆಯ ಇನ್ನೊಂದು ಮಗ್ಗುಲು ನೋಡಿದೆ. ಟ್ರ್ಯಾಕ್ಟರ್ ಕಂಡವು, ಟೊಮೇಟೊ ಕ್ರೇಟು ತುಂಬಿದ ಗಾಡಿಗಳು ಕಂಡವು, ಕುರಿ ಕಂಡವು. ಗಾಲಿಯ ಹಲಗೆ ಮೇಲೆ ನಿಂತ ಒಂದು ನರಪಿಳ್ಳೆಯೂ ಕಾಣಲಿಲ್ಲ.

ನಗಬೇಡ. ನಿನ್ನ ಅಕ್ಕನ ವಿಷಯಕ್ಕೆ ಕೇಳುತ್ತಿದ್ದೇನೆ. ಗಂಡ ತೀರಿಕೊಂಡ ಮೇಲೆ ಪುಷ್ಪ ಈ ಮನೆಗೆ ಬಂದು, ಮೂರು ಸೀಮೆಹಸು ಕಟ್ಟಿ, ಡೇರಿಗೆ ಹಾಲು ಹಾಕಿಕೊಂಡು ತಲೆಯೆತ್ತಿ ನಿಂತಿದ್ದಾಳೆ. ಈಗ ಸಗಣಿ ಬಾಚುತ್ತಾ ಬಾಚುತ್ತಾ ನಿಂತು ಆ ಚಾರ್ಟು ನೋಡುತ್ತಾಳೆ. ಹಸು ಮಾರಿ ನಿನ್ನ ಜೊತೆ ಸೇರುವ ಮಾತು ಅವಳ ಬಾಯಲ್ಲಿ ಬಂದಿದೆ. ಅವಳಿಗೆ ಉತ್ತರ ಹೇಳುವ ಮುಂಚೆ ನನಗೆ ಉತ್ತರ ಹೇಳು. ಎಲ್ಲಿ ಓಡುತ್ತಿವೆ?

ಮಾತು ಬಿಟ್ಟಿರುವ ನಿನ್ನ ಅಪ್ಪ,
ವೆಂಕಟರಾಯಪ್ಪ


ಕೋರಮಂಡಲ್, ಕೆಜಿಎಫ್
೩೦ ಜೂನ್ ೨೦೨೪

ಅಪ್ಪನಿಗೆ,

ನಿನ್ನ ಕಾಗದ ಓದಿದರೂ ನಿನ್ನ ಗಂಟಲೇ ಕೇಳಿಸುತ್ತದೆ. ಪಕ್ಕದ ಲೈನುಮನೆ ಸಾಲಿನ ಕನಕಮ್ಮ "ಯಾರ್‌ಮಾ ಬಂದವ್ರೆ?" ಎಂದು ಕೇಳಿದರೂ ಆಶ್ಚರ್ಯವಿಲ್ಲ.

ಬಸ್ಸಿನ ಕಿಟಕಿಯಲ್ಲಿ ಇದು ಕಾಣುವುದಿಲ್ಲ ಅಪ್ಪ. ಬೋರ್ಡು ಓಡಬೇಕಾದರೆ ನುಣುಪು ನೆಲ ಬೇಕು. ಬೆಂಗಳೂರಿನಲ್ಲಿ ಪಾರ್ಕುಗಳಿವೆ, ಅಪಾರ್ಟ್‌ಮೆಂಟ್‌ಗಳಿವೆ. ಮಾರಾಟವೆಲ್ಲ ಅಲ್ಲೇ ಎಂದು ಕಂಪನಿಯ ವೇಣು ಸಾರ್ ಹೇಳುತ್ತಾರೆ. ಅಲ್ಲಿಂದ ಈ ಕಡೆ ಹರಿದು ಬರುತ್ತಿದೆ, ನಾವು ಮೊದಲೇ ಬಾಗಿಲು ತೆರೆದು ಕೂತಿರಬೇಕು, ಅಷ್ಟೆ.

ನಾನು ಬಾಡಿಗೆಗೆ ಹಿಡಿದಿರುವ ಜಾಗ ನೀನು ನೋಡಿಲ್ಲ. ಗಣಿ ನಡೆಯುತ್ತಿದ್ದ ಕಾಲದ ಗೋಡೌನು. ಮೇಲೆ ತಗಡು ತೂತು, ಆದರೆ ನೆಲ! ಕನ್ನಡಿಯಂಥ ಸಿಮೆಂಟು. ಶಾಲೆ ಬಿಟ್ಟ ಕೂಡಲೇ ಮಕ್ಕಳು ನುಗ್ಗುತ್ತವೆ. "ಅಕ್ಕಾ, ಒರು ರೌಂಡು ಅಕ್ಕಾ, ಒಂದೇ ರೌಂಡು!" ಅವರ ಅಪ್ಪಂದಿರು ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿರುತ್ತಾರೆ. ಈ ಮಕ್ಕಳು ಎರಡು ಕೈ ಚಾಚಿ ಆ ನೆಲದ ಮೇಲೆ ಜಾರುವುದನ್ನು ನೋಡಿದರೆ ನೀನೂ ಶಪಥ ಮರೆಯುತ್ತಿದ್ದೆ.

ಪುಷ್ಪಕ್ಕನ ವಿಷಯ. ಇಬ್ಬರು ಸೇರಿದರೆ ಇಡೀ ಕೋಲಾರ ಜಿಲ್ಲೆಯ ಏಜೆನ್ಸಿ ಕೊಡುತ್ತಾರೆ. ಅವಳ ಮೊಣಕೈ ನೋವು ನಿನಗೆ ಗೊತ್ತು. ಹಾಲು ಹಿಂಡುವಾಗ ಅವಳು ಹಲ್ಲು ಕಚ್ಚುವುದು ನಿನಗೆ ಕಾಣುತ್ತದೋ ಇಲ್ಲವೋ. ಅವಳು ಒಂದು ಮದುವೆಗೆ ಹೋಗಿ ರಾತ್ರಿ ಉಳಿದಿದ್ದುಂಟೆ? ಹಸು ಬಿಟ್ಟು ಅವಳಿಗೂ ಒಂದು ಬದುಕು ಬೇಡವೆ?

ಚಾರ್ಟನ್ನು ನಾನು ಮಾಡಿದ್ದಲ್ಲ ಅಪ್ಪ. ದೊಡ್ಡ ಕಂಪನಿ. ಅಷ್ಟು ಜನ ಸುಳ್ಳು ಹೇಳುತ್ತಾರಾ?

ನಿನ್ನ ಜೊತೆ ಮಾತಾಡಲು ಸಿದ್ಧವಾಗಿಯೇ ಇರುವ,
ಸಹನ


ಬಂಗಾರಪೇಟೆ
೧೮ ಆಗಸ್ಟ್ ೨೦೨೪

ಸಹನಳಿಗೆ,

ಉತ್ತರ ತಡವಾಯಿತು, ಕಾರಣ ಕಲೆ! "ಅಪ್ಪಾ, ನಿಮ್ಮ ನಾಟಕ ಸತ್ತು ಯಾವ ಕಾಲವಾಯ್ತು" ಎಂದು ಆವತ್ತು ಎಲ್ಲರ ಮುಂದೆ ಅಂದೆಯಲ್ಲ, ಈಗ ಬಂದು ನೋಡು. ತಾಲೀಮಿನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ರಾಜನಿಗೆ ಇಷ್ಟು, ಸೇನಾಪತಿಗೆ ಇಷ್ಟು, ಬಾಗಿಲು ಕಾಯುವ ಭಟನಿಗೂ ಇಷ್ಟು ಎಂದು ರೇಟು ಕಟ್ಟಿ, ಪಾತ್ರ ಬೇಕಾದವನ ಕೈಯಿಂದಲೇ ದುಡ್ಡು ಹಾಕಿಸುವುದು ನಮ್ಮ ಕಡೆಯ ಪದ್ಧತಿ. ಅದರಲ್ಲೇ ಸೀನರಿ, ಲೈಟು, ಮೈಕು, ಮೇಷ್ಟ್ರ ಸಂಬಳ ಎಲ್ಲ. ಈ ಸಲ ಪಾತ್ರ ಸಾಲದೆ ಹೊಸದಾಗಿ ಇಬ್ಬರು ದೂತರನ್ನು ಹುಟ್ಟಿಸಿದ್ದೇವೆ! ಸೇನಾಪತಿ ಪಾತ್ರಕ್ಕೆ ಚಿಕನ್ ಅಂಗಡಿಯ ಮುನಿರಾಜನಿಗೂ ಎಲೆಕ್ಟ್ರಿಷಿಯನ್ ಗಿರಿಗೂ ಕೈಕೈ ಮಿಲಾಯಿಸುವ ತನಕ ಹೋಯಿತು. "ಓಗಲಾ, ನೀನು ಕತ್ತಿ ಇಡಿದ್ರೆ ಕೋಳಿ ಕುಯ್ಯೋಕೆ ಬಂದಂಗೈತೆ" ಅಂದ ಗಿರಿ. "ನಿಂಗೆ ಕರೆಂಟೇ ಕೈಗೆ ಸಿಗಾಕಿಲ್ಲ, ಇನ್ನ ಕತ್ತಿ ಸಿಕ್ತದಾ?" ಅಂದ ಮುನಿರಾಜ. ಇದು ಸತ್ತ ಕಲೆಯೇ? ಹೇಳು!

ಇರಲಿ. ನೀನು ಬೆಂಗಳೂರು ಎಂದೆ. ಒಪ್ಪಿದೆ. ಈಗ ಬೆಂಗಳೂರು ಬಿಡು, ನಿನ್ನ ಗೋಡೌನಿಗೆ ಬಾ. ನೀನು ತರಿಸಿದ ಬೋರ್ಡುಗಳಲ್ಲಿ ಎಷ್ಟು ಹೋದವು? "ಅಕ್ಕಾ ಒಂದು ರೌಂಡು" ಎಂದ ಮಕ್ಕಳಲ್ಲಿ ಎಷ್ಟು ಜನ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು?

ಪುಷ್ಪ ನಿನ್ನೆ ಹಸು ದಲ್ಲಾಳಿಯನ್ನು ಕರೆಸಿ ನೋಡಿಸಿದಳು. ನಾನು ನಡುವೆ ಹೋಗಿ ಕೈಯೆತ್ತಿ, ಎದೆ ತಟ್ಟಿ, ಬೇಡವೆಂದು ಕೂಗಿದೆ. ದಲ್ಲಾಳಿ ಚಪ್ಪಾಳೆ ತಟ್ಟಿದ. ಪುಷ್ಪ "ಅಪ್ಪಾ, ಡೈಲಾಗು ಸ್ಟೇಜ್ ಮೇಲಿರ್ಲಿ" ಅಂದಳು. ನನ್ನ ನಿಜದ ಮಾತೂ ಇವರ ಕಿವಿಗೆ ಕಂದಪದ್ಯವಾಗಿ ಕೇಳಿಸುತ್ತಿದೆ, ಏನು ಮಾಡಲಿ? ನೀನು ಹೇಳಿದರೆ ಅವಳು ಕೇಳುತ್ತಾಳೆ.

ಎಷ್ಟು ಹೋದವು?

ಅಪ್ಪ


ಕೋರಮಂಡಲ್
೨೨ ಸೆಪ್ಟೆಂಬರ್ ೨೦೨೪

ಅಪ್ಪ,

ಎಷ್ಟು ಹೋದವು ಎಂದು ಕೇಳಿದ್ದೀಯ. ಹೋಗುತ್ತಿವೆ.

ಹೊಸ ಚಾರ್ಟು ಬಂದಿದೆ. ಅದರಲ್ಲಿ ಕೆಜಿಎಫ್ ಹೆಸರು ಬೇರೆ ಬಣ್ಣದಲ್ಲಿ ಹಾಕಿದ್ದಾರೆ. ಸಣ್ಣ ಊರುಗಳಲ್ಲಿ ನಾವೇ ಮುಂದಂತೆ. ವೇಣು ಸಾರ್ ಬಂದು ಗೋಡೌನಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ಸ್ವಲ್ಪ ನಗಿ ಮೇಡಂ ಎಂದರು. ನಕ್ಕೆ.

ಗಣಪತಿ ಹಬ್ಬ ಹೇಗಾಯಿತು? ಅಮ್ಮನ ಕಾಲಿನ ಊತ ಇಳಿಯಿತಾ?

ಸಹನ


ಬಂಗಾರಪೇಟೆ
೨೭ ಅಕ್ಟೋಬರ್ ೨೦೨೪

ಮಗಳೇ,

ಈ ಕಾಗದವನ್ನು ನಿಂತು ಓದಬೇಡ. ಕೂತುಕೋ.

ಕಿರೀಟಕ್ಕೆ ಜರಿ ಕಾಗದ ತರಲು ಸೋಮವಾರ ಬೆಂಗಳೂರಿಗೆ ಹೋಗಿದ್ದೆ. ಕೆಲಸ ಮುಗಿಸಿ, ಕೇಳಿಕೊಂಡು ಕೇಳಿಕೊಂಡು, ಜಿಂಕೆ ಕಂಪನಿಯ ಬೋರ್ಡು ಮಾರುವ ಒಂದು ದೊಡ್ಡ ಅಂಗಡಿಯನ್ನು ಹುಡುಕಿದೆ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಗೋಡೆ ತುಂಬ ಬಣ್ಣಬಣ್ಣದ ಹಲಗೆ. ಅಂಗಡಿಯವನು ಪಂಚೆಯುಟ್ಟ ನನ್ನನ್ನು ನೋಡಿ ದಾರಿ ತಪ್ಪಿ ಬಂದೆನೆಂದು ತಿಳಿದ. ನಾನು ಕೇಳಿದೆ, "ಏನಪ್ಪಾ, ಇವು ಚೆನ್ನಾಗಿ ಖರ್ಚಾಗ್ತವಾ?"

"ಇಲ್ಲೆಲ್ಲಿ ಸಾರ್? ಇವುಗಳ ಧೂಳು ಒರೆಸೋದೇ ಕೆಲಸ ಆಗಿದೆ."

"ಮತ್ತೆ ನಲವತ್ತು ಸಾವಿರ ಮಾರಿದ್ರಲ್ಲ?"

"ಅದಾ! ಅದೆಲ್ಲ ಆ ಕೆಜಿಎಫ್ ಕಡೆ ಸಾರ್. ಚಾರ್ಟ್ ನೋಡಿಲ್ವಾ? ಅಲ್ಲಿ ಇಳಿಸಿದ ಮಾಲು ನಿಲ್ತಾನೇ ಇಲ್ವಂತೆ. ಅದು ನೋಡೇ ನಾವೂ ಇನ್ನೊಂದು ಲೋಡ್ ತರಿಸಿದ್ವಿ."

ಸಹನ! ನೀನು ಬೆಂಗಳೂರನ್ನು ತೋರಿಸಿದೆ. ಬೆಂಗಳೂರು ನಿನ್ನನ್ನು ತೋರಿಸಿತು. ಕೆಜಿಎಫ್‌ನಲ್ಲಿ ಆ ಹಲಗೆ ಇರುವುದು ಒಂದೇ ಕಡೆ, ನಿನ್ನ ಗೋಡೌನಿನಲ್ಲಿ. "ಹೋಗುತ್ತಿವೆ" ಎಂದು ಒಂದೇ ಸಾಲು ಬರೆದು ಹಬ್ಬದ ಮಾತಿಗೆ ಹಾರಿದೆಯಲ್ಲ, ಹೋಗುತ್ತಿಲ್ಲ ಎಂದು ನನಗೆ ಆವತ್ತೇ ಅರ್ಥವಾಯಿತು. ಕಂಪನಿಯವರು ಮಾರಾಟ ಎನ್ನುವುದು ಯಾವುದನ್ನು? ಮಗುವೊಂದು ಕೊಂಡು ಓಡಿಸಿದ್ದನ್ನಲ್ಲ. ವ್ಯಾನು ಬಂದು ನಿನ್ನ ಬಾಗಿಲಲ್ಲಿ ಇಳಿಸಿತಲ್ಲ, ಅದನ್ನು. ನೀನು ನಂಬಿದ ಆ ಚಾರ್ಟಿನಲ್ಲಿ ಎದ್ದು ನಿಂತಿರುವುದು ನಿನ್ನದೇ ಹೋಗದ ಹಲಗೆಗಳು. ಅವನ್ನು ನೋಡಿ ಬೆಂಗಳೂರಿನವನು ತರಿಸುತ್ತಾನೆ. ಅವನದನ್ನು ನೋಡಿ ನೀನು ತರಿಸುತ್ತೀಯ.

ಇದು ನನಗೆ ಹೇಗೆ ಹೊಳೆಯಿತು ಎಂದು ಕೇಳು. ನಿನ್ನೆ ಶನಿವಾರ ನಮ್ಮ ನಾಟಕವಾಯಿತು. ಪರದೆ ಎದ್ದಿತು. ಗದೆಯನ್ನು ಹೆಗಲಿಗೇರಿಸಿ "ಎಲವೋ!" ಎಂದು ಅಬ್ಬರಿಸಿ ಕೆಳಗೆ ನೋಡಿದೆ. ಯಾರಿದ್ದರು? ಸೇನಾಪತಿಯ ಹೆಂಡತಿ. ಭಟನ ತಾಯಿ. ದೂತರ ಕಡೆಯವರು ನಾಲ್ಕು ಜನ, ಅವರೂ ತಮ್ಮವನ ಮಾತು ಮುಗಿದ ಕೂಡಲೇ ಎದ್ದರು. ಸ್ಟೇಜಿನ ಮೇಲೆ ಜನ ಹೆಚ್ಚು, ಕೆಳಗೆ ಕಡಿಮೆ. ಶಾಮಿಯಾನದವನು ನನ್ನ ಯುದ್ಧ ನಡೆಯುತ್ತಿರುವಾಗಲೇ ಕುರ್ಚಿ ಎತ್ತಿ ಗಾಡಿಗೆ ಹಾಕುತ್ತಿದ್ದ. ಇಷ್ಟು ವರ್ಷ ನಾನು ಪಾತ್ರಕ್ಕೆ ಬಂದವರನ್ನು ನೋಡಿ ನಾಟಕ ಬದುಕಿದೆ ಎಂದುಕೊಂಡಿದ್ದೆ. ದುಡ್ಡು ಹಾಕಿದವರು ವೇಷ ಹಾಕಿದವರು ಮಾತ್ರ. ನೋಡಲು ಯಾರೂ ಬಂದಿರಲಿಲ್ಲ. ನಿನ್ನ ಕಂಪನಿಯದೂ ಅದೇ ಲೆಕ್ಕ ಮಗಳೇ. ನೀನು ಅಂಗಡಿಯವಳಲ್ಲ. ನೀನು ಪಾತ್ರ ಕೊಂಡವಳು. ಈಗ ನಿನ್ನ ಅಕ್ಕನಿಗೂ ಒಂದು ಪಾತ್ರ ಕಟ್ಟುತ್ತಿದ್ದಾರೆ.

ಪುಷ್ಪಳಿಗೆ ಇದನ್ನೆಲ್ಲ ಹೇಳಿದೆ. ಮೆಲ್ಲಗೆ ಹೇಳಿದೆ, ನಂಬು. "ಅವಳ ಮೇಲಿನ ಸಿಟ್ಟಿಗೆ ಇಷ್ಟು ದೂರ ಓಗಿ ಬಂದಾ ಅಪ್ಪಾ?" ಅಂದುಬಿಟ್ಟಳು. ನೀನು ಬೇಡವೆಂದರೆ ನಿಲ್ಲುತ್ತಾಳೆ. ಈ ಕಾಗದ ಕೈಗೆ ಸಿಕ್ಕ ಕ್ಷಣವೇ ಅವಳಿಗೆ ಫೋನ್ ಮಾಡು. ತಡಮಾಡಬೇಡ!

ಅಪ್ಪ


ಕೋರಮಂಡಲ್
೬ ನವೆಂಬರ್ ೨೦೨೪

ಅಪ್ಪ,

ನಿನ್ನ ಕಾಗದ ಇವತ್ತು ಬಂತು. ನಡುವೆ ದೀಪಾವಳಿ ರಜೆ ಇತ್ತಲ್ಲ.

ಹಸುಗಳು ಹೋದ ವಾರವೇ ಹೋದವು. ನೀನು ಆ ಹೊತ್ತು ಮನೆಯಲ್ಲಿ ಇರಲಿಲ್ಲವಂತೆ, ಅಕ್ಕ ಹೇಳಿದಳು. ಕೊನೆಯದು ಗಾಡಿ ಹತ್ತಲು ಒಲ್ಲದೆ ಮುಂಗಾಲು ಊರಿ ನಿಂತಿತಂತೆ. ಅಕ್ಕನೇ ಬೆನ್ನು ಸವರಿ ಹತ್ತಿಸಿದಳಂತೆ. ಮೊನ್ನೆ ಸೋಮವಾರ ಆ ದುಡ್ಡಿನ ಮಾಲನ್ನು ಕಂಪನಿಯ ವ್ಯಾನು ಬಂದು ಇಳಿಸಿತು. ಗೋಡೌನು ತುಂಬಿದೆ. ಮಕ್ಕಳು ಜಾರುತ್ತಿದ್ದ ನೆಲದ ಮೇಲೆ ಈಗ ರಟ್ಟಿನ ಪೆಟ್ಟಿಗೆಗಳು, ಮೇಲಿನ ತಗಡಿನ ತನಕ. "ಅಕ್ಕಾ, ಎಂಗೆ ಆಡೋದು?" ಎಂದು ಮಕ್ಕಳು ಬಾಗಿಲಲ್ಲಿ ನಿಂತು ನೋಡಿ ವಾಪಸ್ಸು ಹೋದವು. ಈಗ ಬರುವುದಿಲ್ಲ.

ನೀನು ಬರೆದದ್ದರಲ್ಲಿ ಒಂದು ಮಾತೂ ತಪ್ಪಿಲ್ಲ. ಜೂನ್‌ನಿಂದ ಕೊಂಡವರು ಇಬ್ಬರು. ಒಬ್ಬರು ಮಗನ ಹುಟ್ಟುಹಬ್ಬಕ್ಕೆ ಕೊಂಡು, ಅವನು ಬಿದ್ದು ಕೈ ಮುರಿದ ಮೇಲೆ ವಾಪಸ್ಸು ತಂದು ಕೊಟ್ಟರು. ವೇಣು ಸಾರ್‌ಗೆ ಫೋನ್ ಮಾಡಿ, ಮಾಲು ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. "ಮಾರಾಟ ಆಗಿರೋದನ್ನ ಹೆಂಗೆ ಮೇಡಂ ವಾಪಸ್ ತಗೊಳ್ಳೋದು?" ಎಂದರು.

ಜರಿ ಕಾಗದಕ್ಕೆ ಹೋದ ಆ ಸೋಮವಾರವೇ ಬೆಂಗಳೂರಿನಲ್ಲಿ ಗೊತ್ತಾಗಿತ್ತು ನಿನಗೆ. ಜೇಬಿನಲ್ಲಿ ಫೋನಿತ್ತು. ಒಂದು ಸಲ ಮಾತಾಡಬಾರದಿತ್ತೆ ಅಪ್ಪ?

ಸಹನ


ಬಂಗಾರಪೇಟೆ
೧೫ ಡಿಸೆಂಬರ್ ೨೦೨೪

ಸಹನಳಿಗೆ,



ಗುರುವಾರ ನಿನಗೆ ಬಂದ ಫೋನು ನನ್ನದೇ. ನೀನು "ಹಲೋ" ಎಂದೆ. ಆಮೇಲೆ "ಅಪ್ಪಾ?" ಎಂದೆ. ಶಪಥ ಮುರಿಯಲೆಂದೇ ನಾನು ಫೋನು ಮಾಡಿದ್ದೆ. ಮೈಕಿಲ್ಲದೆ ಕೆರೆಯಾಚೆಗೆ ಕೇಳಿಸುವ ಗಂಟಲಿದು, ಒಂದು ಅಕ್ಷರ ಏಳಲಿಲ್ಲ. ನೀನು ಸುಮಾರು ಹೊತ್ತು ಕಾದೆ. ನಿನ್ನ ಉಸಿರು ಕೇಳಿಸಿತು. ನೀನೇ ಇಟ್ಟೆ.

ಪುಷ್ಪ ಈಗಲೂ ಹಾಲಿನ ಹೊತ್ತಿಗೆ ಎದ್ದು ಕೊಟ್ಟಿಗೆಗೆ ಹೋಗುತ್ತಾಳೆ. ಗುಡಿಸಲು ಏನೂ ಇಲ್ಲ. ಡೇರಿಯ ಸೆಕ್ರೆಟರಿ ಮುನಿನಾರಾಯಣಪ್ಪ ಬಾಗಿಲಲ್ಲಿ ನಿಂತು, "ಏನಮ್ಮ, ಜಿಲ್ಲೆಗೇ ಏಜೆಂಟಾಗಿದ್ದೀಯಂತೆ, ನಮ್ಮುನ್ನೆಲ್ಲ ಮರ್ತುಬುಟ್ಟೆ!" ಎಂದು ಸಂತೋಷವಾಗಿಯೇ ಅಂದ. ಅವಳು "ಊ ಕಣಣ್ಣ" ಅಂದಳು. ನಿನ್ನ ಅಮ್ಮ ಡಿಕಾಕ್ಷನ್ ಕಾಸಿ ಕೊಡುತ್ತಾಳೆ. ಪೇಟೆಯ ಪ್ಯಾಕೆಟ್ ಹಾಲು ತರಲು ಯಾರಿಗೂ ಮನಸ್ಸಿಲ್ಲ.

ಜನವರಿಯಿಂದ ಪುಷ್ಪ ನಿನ್ನ ಜೊತೆಗೇ ಇರುತ್ತಾಳಂತೆ. ಕಳಿಸುತ್ತಿದ್ದೇನೆ.

ವೆಂಕಟರಾಯಪ್ಪ


ಕೋರಮಂಡಲ್
೯ ಮಾರ್ಚ್ ೨೦೨೫

ಅಪ್ಪ,

ಅಕ್ಕ ಚೆನ್ನಾಗಿದ್ದಾಳೆ ಎಂದು ಬರೆ ಎಂದಳು. ಬರೆದಿದ್ದೇನೆ.

ಹೋದ ವಾರ ಒಂದು ಫೋನ್ ಬಂತು. ಮುಳಬಾಗಿಲಿನ ಲಿಖಿತ ಎಂಬ ಹುಡುಗಿ. ಕೋಲಾರದ ಒಂದು ಲ್ಯಾಬಿನಲ್ಲಿ ಕೆಲಸ, ಅದನ್ನು ಬಿಟ್ಟು ಜಿಂಕೆ ಬೋರ್ಡಿನ ತಾಲ್ಲೂಕು ಏಜೆನ್ಸಿ ತೆಗೆದುಕೊಳ್ಳುತ್ತಾಳಂತೆ. ನಮ್ಮ ಜಿಲ್ಲೆಯ ಏಜೆಂಟರು ನಾವೇ ಆದ್ದರಿಂದ ಮಾಲು ನಮ್ಮಿಂದಲೇ ಹೋಗಬೇಕು. ಹೊಸ ವರ್ಷದ ಚಾರ್ಟಿನಲ್ಲಿ ಕೋಲಾರ ಜಿಲ್ಲೆಯೇ ಮೊದಲು. ವೇಣು ಸಾರ್ ಅದನ್ನು ಅವಳಿಗೆ ಕಳಿಸಿದ್ದಾರೆ, ಜೊತೆಗೆ ನಾನು ನಗುತ್ತಾ ನಿಂತಿರುವ ಫೋಟೋ. "ಅಕ್ಕಾ, ನೀವೇ ನಂಗೆ ಇನ್ಸ್‌ಪಿರೇಷನ್" ಎಂದಳು.

ನಾನು ನಿಜ ಹೇಳಿದೆ ಅಪ್ಪ. ಫೋನಿನಲ್ಲೇ, ಮುಚ್ಚುಮರೆ ಇಲ್ಲದೆ, ನೀನು ಬರೆದಿದ್ದನ್ನೆಲ್ಲ ಹೇಳಿದೆ. ಆ ಚಾರ್ಟಿನಲ್ಲಿರುವುದು ನನ್ನ ಗೋಡೌನು, ಯಾವ ಊರಿನಲ್ಲೂ ಯಾರೂ ಓಡಿಸುತ್ತಿಲ್ಲ, ಕೆಲಸ ಬಿಡಬೇಡ ಎಂದೆ. ಅವಳು, "ಪೈಪೋಟಿ ಬೇಡ ಅಂತ ಹಿಂಗೆ ಹೇಳ್ತೀರೇನೋ ಅಕ್ಕ. ನಾನೇ ಬಂದು ನೋಡ್ತೀನಿ" ಎಂದಳು. ಬರಲಿ, ಕಣ್ಣಾರೆ ನೋಡಲಿ ಎಂದು ನನಗೂ ಅನ್ನಿಸಿತು.

ನಿನ್ನೆ ಬಂದಳು, ಬಾಡಿಗೆ ವ್ಯಾನಿನಲ್ಲಿ. ನಾನು ಬಾಗಿಲು ತೆರೆದು ಪೂರ್ತಿ ತೋರಿಸಿದೆ. ಪೆಟ್ಟಿಗೆಗಳು, ಒದ್ದೆಯಾಗಿ ಉಬ್ಬಿದ ರಟ್ಟು, ಜೇಡರ ಬಲೆ. ಪುಷ್ಪಕ್ಕ ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. "ತಂಗಿ, ಮೂರು ಸೀಮೆಹಸು ಮಾರಿ ಇದ್ನ ತಗಂಡಿವ್ನಿ. ಹಸುನಾದ್ರೆ ಕರೀಬೋದಿತ್ತು. ಇದ್ನ ಎಂಗವ್ವ ಕರೀಲಿ? ಬ್ಯಾಡ ಕಣೆ, ಓಗು" ಎಂದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಇಲ್ಲಿಗೆ ಬಂದ ಮೇಲೆ ಕೇಳಿರಲಿಲ್ಲ.

ಲಿಖಿತ ನಕ್ಕಳು. ಒಳ್ಳೆಯ ನಗು, ಕೆಟ್ಟ ಹುಡುಗಿಯಲ್ಲ. ತಲೆಯೆತ್ತಿ ತಗಡಿನ ತನಕ ಪೆಟ್ಟಿಗೆಗಳನ್ನು ನೋಡಿದಳು. ಅವಳ ಮುಖ ಅರಳುತ್ತಾ ಹೋಗುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

"ಅಬ್ಬಾ, ಎಷ್ಟೊಂದು ಮಾಲು ಇಟ್ಟಿದ್ದೀರಾ ಅಕ್ಕ! ವ್ಯಾಪಾರ ಇಲ್ದೆ ಯಾರಾದ್ರೂ ಇಷ್ಟು ಸ್ಟಾಕ್ ಇಡ್ತಾರಾ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಬೇಡ ಎಂದು ಇಬ್ಬರೂ ಒಂದೊಂದು ಸಲ ಹೇಳಿಯಾಗಿತ್ತು. ಎರಡನೇ ಸಲ ಇಬ್ಬರೂ ಹೇಳಲಿಲ್ಲ.

ಮೇಲಿನ ಪೆಟ್ಟಿಗೆಗಳನ್ನು ನಾನು ಇಳಿಸಿ ಕೊಟ್ಟೆ. ವ್ಯಾನಿಗೆ ಜೋಡಿಸಿದ್ದು ಪುಷ್ಪಕ್ಕ.

ಸಹನ